ಮದ್ದಿನ ಟ್ರಯಲ್ ಸೈಟಿನಲ್ಲಿ ಟ್ರಿಗರ್ ಎಷ್ಟಿಡಿಸಬೇಕು? ಅನುಭವ ಇದ್ದವರು ಹೇಳಿ

ಬದಿಯಡ್ಕದ ಕೋಆರ್ಡಿನೇಟರ್: ಕಾಸರಗೋಡಿನ ಸೈಟ್. ಬ್ಲೈಂಡೆಡ್ ಟ್ರಯಲ್ (ಯಾರಿಗೆ ಯಾವ ಬಗೆಯ ಮದ್ದು ಎಂದು ನಮಗೂ ರೋಗಿಗೂ ಗೊತ್ತಿಲ್ಲ), 2–8 ಡಿಗ್ರಿಯ ಇಂಜೆಕ್ಷನ್, 7 ರೋಗಿಗಳು. ಟ್ರಿಗರ್ 2 (ಅಂದರೆ ಮದ್ದಿನ ಕಿಟ್ 2ಕ್ಕೆ ಇಳಿದರೆ ಕಂಪ್ಯೂಟರ್ ಸಿಸ್ಟಮ್ ಹೊಸ ಆರ್ಡರ್ ಹಾಕುತ್ತದೆ), ಮರುಪೂರೈಕೆ 4. ಡಿಪೋದಿಂದ ಪೆಟ್ಟಿಗೆ ಬರಲು 5–6 ದಿನ. ಮಳೆಗಾಲಕ್ಕೆ ಹೆಚ್ಚಿಸಲು ಮಾನಿಟರ್ (ಕಂಪನಿಯ ಪರವಾಗಿ ಸೈಟ್ ನೋಡಿಕೊಳ್ಳುವವರು) ಹತ್ತಿರ ಕೇಳಲೇ?

ಕುಂಬಳೆಯವಳು: ಇವತ್ತೇ ಕೇಳಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾನು ಮಂಗಳೂರಿನ ಸೈಟಿನಲ್ಲಿದ್ದೆ. ಕಿಟ್ ನಮ್ಮ ಫ್ರಿಜ್ಜಿನಲ್ಲಿ, ರೋಗಿಗಳು ಮಂಜೇಶ್ವರದಲ್ಲಿ. ಮೂವರ ಡೋಸ್ ತಪ್ಪಿತು, ಮೂರಕ್ಕೂ ಡೀವಿಯೇಶನ್ (ನಿಯಮ ತಪ್ಪಿದ ವರದಿ) ಬರೆದೆ. ಆಮೇಲೆ ಊರಿನ ಸೈಟಿಗೆ ಬಂದವಳೇ ಜಗಳ ಮಾಡಿ ಟ್ರಿಗರ್ 5 ಮಾಡಿಸಿದೆ. 14 ತಿಂಗಳು, ಒಂದು ಡೋಸೂ ತಪ್ಪಲಿಲ್ಲ.

ಉಪ್ಪಳದವ: ಹೆಚ್ಚಿಡಿಸಿ ಕೈ ಸುಟ್ಟುಕೊಂಡವ ನಾನು. ಫ್ರಿಜ್ಜಿನಲ್ಲಿ 18 ಕಿಟ್. ಆಟಿಯ (ಮಳೆಗಾಲದ ತುಳು ತಿಂಗಳು) ರಾತ್ರಿ ಕರೆಂಟ್ ಹೋಯಿತು, ಇನ್ವರ್ಟರ್ ಕೈಕೊಟ್ಟಿತು. ಉಷ್ಣತೆ ದಾಖಲಿಸುವ ಲಾಗರಿನಲ್ಲಿ 9.4 ಡಿಗ್ರಿ, 52 ನಿಮಿಷ. ಹದಿನೆಂಟೂ ಕ್ವಾರಂಟೈನ್, ಬಳಸದೆ ಬದಿಗೆ. ಬಳಸಬಹುದೇ ಎಂಬುದಕ್ಕೆ ಉತ್ತರ ಬರಲು 11 ದಿನ. ಬಳಸಲು ಬಿಟ್ಟದ್ದು 6, ಅವುಗಳ ಅವಧಿಯೂ ಮುಗಿಯುತ್ತಾ ಬಂದಿತ್ತು. ಉಳಿದವನ್ನು ಎಣಿಸಿ, ಸಹಿ ಹಾಕಿಸಿ ವಾಪಸ್ ಕಳಿಸಲು ಮೂರು ಭಾನುವಾರ ಹೋಯಿತು. ಹೊಸ ಬ್ಯಾಟರಿಗೆ 23,500 ರೂಪಾಯಿ. ಆ ಬಿಲ್ಲು ಇನ್ನೂ ಪಾಸಾಗಿಲ್ಲ.

ಕುಂಬಳೆಯವಳು: ಅದು ಬ್ಯಾಟರಿಯ ತಪ್ಪು ಮಾರಾಯ್ರೆ, ಟ್ರಿಗರಿನದ್ದಲ್ಲ.

ಉಪ್ಪಳದವ: 4 ಕಿಟ್ ಇದ್ದಿದ್ದರೆ ಹಾಳಾಗುವುದು 4. ಇದು ಲೆಕ್ಕ ಅಕ್ಕ, ಜಗಳ ಮಾಡಿ ಗೆಲ್ಲುವ ವಿಷಯ ಅಲ್ಲ.

ಫಾರ್ಮಸಿಯಲ್ಲಿ ಕೂರುವವ: ಇಬ್ಬರೂ ಒಟ್ಟು ಕಿಟ್ ಎಣಿಸ್ತಾ ಇದ್ದೀರಿ. ನನ್ನಲ್ಲಿ 9 ಇದ್ದವು, ಆದರೂ ಹೊಸ ರೋಗಿಯನ್ನು ರಾಂಡಮೈಸ್ ಮಾಡಲು (ಚೀಟಿ ಎತ್ತಿದ ಹಾಗೆ ಒಂದು ಗುಂಪಿಗೆ ಸೇರಿಸಲು) ಸಿಸ್ಟಮ್ ಬಿಡಲಿಲ್ಲ. ಒಂದು ಬಗೆಯ ಕಿಟ್ ಮುಗಿದಿತ್ತು. ಬ್ಲೈಂಡೆಡ್ ಆದ್ದರಿಂದ ಯಾವುದೆಂದು ನಮಗೆ ಕಾಣುವುದಿಲ್ಲ. ಟ್ರಿಗರ್ ಒಟ್ಟಿಗೋ ಬಗೆಗೊಂದೋ, ಮೊದಲು ಅದನ್ನು ಕೇಳಿಸಿಕೊಳ್ಳಿ. ತಪ್ಪು ನನ್ನದೂ ಇತ್ತು. ಶುಕ್ರವಾರ ಸಂಜೆ ಬಂದ ಪೆಟ್ಟಿಗೆಯನ್ನು ಫ್ರಿಜ್ಜಿಗಿಟ್ಟು ಸಿಸ್ಟಮಿನಲ್ಲಿ ಸ್ವೀಕರಿಸದೆ ಮನೆಗೆ ಹೋದೆ. ಸಿಸ್ಟಮಿಗೆ ಅದು ಇನ್ನೂ ದಾರಿಯಲ್ಲಿರುವ ಮಾಲು. ಆ ಕಿಟ್ ಕೊಡಲೂ ಇಲ್ಲ, ಹೊಸ ಆರ್ಡರ್ ಹಾಕಲೂ ಇಲ್ಲ. ಪೆರ್ಲದಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದ ಅಜ್ಜಿಯನ್ನು ವಾಪಸ್ ಕಳಿಸಿದೆ. ಸೋಮವಾರ ಬೆಳಿಗ್ಗೆ ಆ ಪೆಟ್ಟಿಗೆ ಕಣ್ಣೆದುರೇ ಇತ್ತು.

ಉಪ್ಪಳದವ: ಶುಕ್ರವಾರ ಪೆಟ್ಟಿಗೆ ಯಾಕೆ ತೆಗೆದುಕೊಂಡಿರಿ? ನಾನು ಬುಧವಾರದ ಒಳಗೆ ಮಾತ್ರ ಅಂತ ಬರೆಸಿ ಇಟ್ಟಿದ್ದೇನೆ.

ಫಾರ್ಮಸಿಯಲ್ಲಿ ಕೂರುವವ: ಕೊರಿಯರಿನವ ಬಾಗಿಲಲ್ಲಿ ನಿಂತಾಗ ತಣ್ಣನೆಯ ಮದ್ದನ್ನು ವಾಪಸ್ ಮಂಗಳೂರಿಗೆ ಕಳಿಸಲಾ? ನೀವು ಕಳಿಸ್ತೀರಾ?

ಕುಂಬಳೆಯವಳು: ಇವರು ಕಳಿಸಿಯಾರು. ರೋಗಿ ಎದುರು ಕೂತದ್ದನ್ನು ನೋಡಿದವರು ಕಳಿಸುವುದಿಲ್ಲ.