ಸಹಾಯ ಬೇಕು: ಉಯಿಲಿನಲ್ಲಿ ಹೆಸರು ತಿದ್ದಿದ್ದಾರೆ, ಸಹಿ ಇಲ್ಲ

ಎಲ್ಲರಿಗೂ ನಮಸ್ಕಾರ. ಮಕ್ಕಳಿಲ್ಲದ ನಮ್ಮ ದೊಡ್ಡಮ್ಮ ತೀರಿಕೊಂಡಿದ್ದಾರೆ. ಅವರ ಉಯಿಲಿನ ನಿರ್ವಾಹಕ ನಾನೇ. ಪ್ರೊಬೇಟ್‌ಗೆ (ಉಯಿಲು ಸಿಂಧುವೆಂದು ನ್ಯಾಯಾಲಯ ಕೊಡುವ ದೃಢೀಕರಣಕ್ಕೆ) ಅರ್ಜಿ ಹಾಕುವ ಮೊದಲು ತಿಳಿದವರ ಸಲಹೆ ಬೇಕು.

ಉಯಿಲು ಅವರದೇ ಕೈಬರಹದಲ್ಲಿದೆ, ಇಬ್ಬರು ಸಾಕ್ಷಿಗಳ ಸಹಿಯೂ ಇದೆ. ತೊಡಕಿರುವುದು ಎರಡನೆಯ ಪುಟದಲ್ಲಿ. ಮನೆ ಯಾರಿಗೆಂದು ಬರೆದ ಸಾಲಿನಲ್ಲಿ ನನ್ನ ತಮ್ಮನ ಹೆಸರನ್ನು ನೀಲಿ ಶಾಯಿಯಲ್ಲಿ ಹೊಡೆದು, ಮೇಲೆ ತಂಗಿಯ ಹೆಸರು ಬರೆದಿದ್ದಾರೆ. ಉಳಿದದ್ದೆಲ್ಲ ಕಪ್ಪು ಶಾಯಿ. ತಿದ್ದಿದ ಜಾಗದಲ್ಲಿ ದೊಡ್ಡಮ್ಮನ ಸಹಿಯೂ ಇಲ್ಲ, ಸಾಕ್ಷಿಗಳದೂ ಇಲ್ಲ. ಸಹಿಯಾದ ಮೇಲೆ ಮಾಡಿದ ತಿದ್ದುಪಡಿಗೆ ಮತ್ತೆ ಸಹಿ, ಸಾಕ್ಷಿ ಬೇಕೆಂದು ಓದಿದ್ದೇನೆ. ಹಾಗಾದರೆ ಹೊಡೆದು ಹಾಕಿದ ಹೆಸರೇ ಊರ್ಜಿತವೇ? ಅಥವಾ ಮನೆಯ ಮಟ್ಟಿಗೆ ಉಯಿಲೇ ಇಲ್ಲವೆಂದು ಪರಿಗಣಿಸುತ್ತಾರೆಯೇ? ಮೂಲ ಪ್ರತಿಯ ಪಿನ್ ಕೂಡ ತೆಗೆಯದೆ ಲಕೋಟೆಯಲ್ಲಿ ಇಟ್ಟಿದ್ದೇನೆ.

ಸಾಕ್ಷಿಗಳಲ್ಲಿ ಒಬ್ಬರು ಈಗ ಬದುಕಿಲ್ಲ. ಇನ್ನೊಬ್ಬರ ಹೇಳಿಕೆಯೊಂದೇ ಸಾಕೇ? ಆಸ್ಪತ್ರೆಯ ಸಾಲ ತೀರುವವರೆಗೆ ಯಾರಿಗೂ ಪಾಲಿಲ್ಲ ಎಂದಿದ್ದೇನೆ, ಎಲ್ಲರೂ ಒಪ್ಪಿದ್ದಾರೆ.

ತಮ್ಮ, ತಂಗಿ ಇಬ್ಬರೂ ದೊಡ್ಡಮ್ಮನನ್ನು ಮನಸಾರೆ ನೋಡಿಕೊಂಡವರು. ಅವರು ನ್ಯಾಯಾಲಯದಲ್ಲಿ ಎದುರುಬದುರು ನಿಲ್ಲುವಂತಾಗಬಾರದು. ಇಬ್ಬರೂ ಸೇರಿ ರಾಜಿಪತ್ರ ಬರೆದುಕೊಟ್ಟರೆ ನಡೆಯುತ್ತದೆಯೇ? ಅದು ಅರ್ಜಿಗೆ ಮೊದಲೋ, ಪ್ರೊಬೇಟ್ ಸಿಕ್ಕ ಮೇಲೋ? ಇಂಥ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ.