ಚಿಕ್ಕ ಮಕ್ಕಳು ಮತ್ತು ಮಧುಮೇಹವಿರುವ ಅತ್ತೆಯವರೊಂದಿಗೆ ಹ್ಯಾವ್‌ಲಾಕ್ ರೆಸಾರ್ಟ್ ವಾಸ: ಆರೋಗ್ಯದ ತಯಾರಿ ಹೇಗಿರಬೇಕು?

ಹೇಮಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಕುಟುಂಬ ಬೆಂಗಳೂರಿನಿಂದ ವಿಮಾನದಲ್ಲಿ ಅಂಡಮಾನಿಗೆ ಹೋಗಿ, ಈಗ ಸ್ವರಾಜ್ ದ್ವೀಪ ಎಂಬ ಹೆಸರಿರುವ ಹ್ಯಾವ್‌ಲಾಕ್‌ನಲ್ಲಿ ಸಮುದ್ರದ ದಂಡೆಯ ರೆಸಾರ್ಟ್ ಒಂದರಲ್ಲಿ ಐದು ರಾತ್ರಿ ಉಳಿಯುವುದೆಂದು ನಿಶ್ಚಯವಾಗಿದೆ. ನನಗೆ ನಾಲ್ಕು ವರ್ಷದ ಮಗಳು ಮತ್ತು ಹನ್ನೊಂದು ವರ್ಷದ ಮಗ ಇದ್ದಾರೆ. ಜೊತೆಗೆ ಅರವತ್ತೆಂಟು ವರ್ಷದ ಅತ್ತೆಯವರು ಬರುತ್ತಾರೆ. ಅವರಿಗೆ ಮಧುಮೇಹ ಮತ್ತು ರಕ್ತದೊತ್ತಡ ಎರಡೂ ಇದ್ದು, ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಗಳಿಗೆ ಚಾರ್ಮಾಡಿ ಘಾಟಿ ಇಳಿಯುವಾಗಲೇ ವಾಂತಿಯಾಗುತ್ತದೆ, ಹಾಗಿರುವಾಗ ಎರಡು ಗಂಟೆಯ ಹಡಗಿನ ಪ್ರಯಾಣವನ್ನು ಹೇಗೆ ತಡೆದುಕೊಳ್ಳುತ್ತಾಳೋ ಎಂಬ ಚಿಂತೆಯೂ ಇದೆ.

ಪ್ರವಾಸದ ಏಜೆಂಟರನ್ನು ಕೇಳಿದರೆ "ಅಲ್ಲಿ ಎಲ್ಲ ಸಿಗುತ್ತದೆ, ನೀವು ನಿಶ್ಚಿಂತೆಯಿಂದ ಬನ್ನಿ" ಎನ್ನುತ್ತಾರೆ. ದ್ವೀಪದಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಏನು ಮಾಡಬೇಕು, ಇಲ್ಲಿಂದಲೇ ಏನೇನು ತೆಗೆದುಕೊಂಡು ಹೋಗಬೇಕು, ಊಟ ಮತ್ತು ನೀರಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮಕ್ಕಳ ವೈದ್ಯೆ, ಶಿವಮೊಗ್ಗ

ನಮಸ್ಕಾರ. ನೀವು ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮಕ್ಕಳನ್ನು ಕರೆದುಕೊಂಡು ಇಂಥ ಪ್ರವಾಸಕ್ಕೆ ಹೋಗಿ ಬಂದವರು ನನ್ನ ಬಳಿ ತರುವ ತೊಂದರೆಗಳಲ್ಲಿ ಹೆಚ್ಚಿನವು ವಾಂತಿ-ಭೇದಿ, ಬಿಸಿಲಿನಿಂದ ಸುಟ್ಟ ಚರ್ಮ, ಕಿವಿ ನೋವು ಮತ್ತು ಕೆರೆದು ಹುಣ್ಣಾದ ಕೀಟದ ಕಡಿತ. ಇವುಗಳಲ್ಲಿ ಮಗುವನ್ನು ಬೇಗ ಸುಸ್ತು ಮಾಡುವುದು ವಾಂತಿ-ಭೇದಿ; ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ಮೈಯಿಂದ ಹೋದ ನೀರು, ಲವಣಗಳನ್ನು ತುಂಬುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯ ಪೊಟ್ಟಣಗಳನ್ನು ಊರಿನಲ್ಲಿಯೇ ಕೊಂಡುಕೊಳ್ಳಿ. ಕೊಳ್ಳುವಾಗ ಪೊಟ್ಟಣ ಎಷ್ಟು ನೀರಿಗೆಂದು ಓದಿ ನೋಡಬೇಕು: ಸುಮಾರು 21 ಗ್ರಾಂನ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸುಮಾರು 4 ಗ್ರಾಂನ ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯವಾಗುತ್ತದೆ. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಕಲಸುವುದೂ ಸರಿಯಲ್ಲ. ರೆಸಾರ್ಟ್ ಕೋಣೆಯಲ್ಲಿ ಅಳತೆಯ ಪಾತ್ರೆ ಇರುವುದಿಲ್ಲವಾದ್ದರಿಂದ ಒಂದು ಲೀಟರಿನ ಮೊಹರು ಒಡೆಯದ ನೀರಿನ ಬಾಟಲಿಗೇ ದೊಡ್ಡ ಪೊಟ್ಟಣವನ್ನು ಪೂರ್ತಿ ಹಾಕಿ ಕುಲುಕುವುದು ಸುಲಭ. ಕಲಸಿದ ನೀರನ್ನು 24 ಗಂಟೆಯ ನಂತರ ಚೆಲ್ಲಬೇಕು. ಅಂಗಡಿಗಳಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಬೇಡಿ. ಅಂಥ ಪಾನೀಯಗಳು ತಮ್ಮ ಹೆಸರಿನಲ್ಲಿ ಆ ಪದ ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಎಳನೀರು ಅಲ್ಲಿ ಧಾರಾಳವಾಗಿ ಸಿಗುತ್ತದೆ, ಬಾಯಾರಿಕೆಗೆ ಬಹಳ ಒಳ್ಳೆಯದು. ಆದರೆ ಅದರಲ್ಲಿ ಸೋಡಿಯಂ ಕಡಿಮೆ ಇರುವುದರಿಂದ ಭೇದಿಯಾದಾಗ ಅದೊಂದನ್ನೇ ನೆಚ್ಚಿಕೊಳ್ಳಬಾರದು.

ನಿಮ್ಮ ಮಗಳ ವಯಸ್ಸಿನ ಮಗುವಿಗೆ ಪ್ರತಿ ಸಲ ನೀರಾಗಿ ಭೇದಿಯಾದ ಮೇಲೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಕುಡಿದದ್ದನ್ನು ವಾಂತಿ ಮಾಡಿದರೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಒಂದೊಂದೇ ಚಮಚದಂತೆ ನಿಧಾನವಾಗಿ ಮತ್ತೆ ಆರಂಭಿಸಿ. ಎಲ್ಲ ತಾಯಂದಿರೂ ಸೋಲುವುದು ಇಲ್ಲಿಯೇ: ಮಗು ಬಾಯಾರಿ ಅಳುತ್ತದೆಂದು ಇಡೀ ಲೋಟ ಕೊಡುತ್ತಾರೆ, ಅದು ಮತ್ತೆ ಹೊರಗೆ ಬರುತ್ತದೆ. ಜೊತೆಗೆ ಜಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡಬಹುದು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು. ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಎಬ್ಬಿಸಿದರೂ ಮಂಕಾಗಿಯೇ ಇದ್ದರೆ ಮನೆಮದ್ದಿನ ಹೊತ್ತು ಮುಗಿಯಿತೆಂದು ತಿಳಿದು ವೈದ್ಯರ ಬಳಿಗೆ ಹೋಗಬೇಕು.

ಊಟದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ರೆಸಾರ್ಟಿನ ಬುಫೆಯಲ್ಲಿ ಹಬೆಯಾಡುವ ಇಡ್ಲಿ, ಕಣ್ಣೆದುರೇ ಹುಯ್ದ ದೋಸೆ, ಕುದಿಯುವ ಸಾಂಬಾರು ಇವೆಲ್ಲ ಸುರಕ್ಷಿತ; ಅದೇ ಮೇಜಿನ ಮೇಲೆ ಬೆಳಗಿನಿಂದ ತೆರೆದಿಟ್ಟ ತೆಂಗಿನಕಾಯಿ ಚಟ್ನಿ, ಕತ್ತರಿಸಿಟ್ಟ ಹಣ್ಣು, ಹಸಿ ಸಲಾಡ್ ಸುರಕ್ಷಿತವಲ್ಲ. ಆ ಸೆಕೆಯಲ್ಲಿ ಕಾಯಿಚಟ್ನಿ ಹಳಸುವುದು ಬೇಗ, ವಾಸನೆ ಬರುವ ಮೊದಲೇ ಕೆಟ್ಟಿರುತ್ತದೆ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ತೆಗೆದುಕೊಳ್ಳಿ. ಮೀನು ತಿನ್ನುವವರಾದರೆ ಇನ್ನೊಂದು ಮಾತು: ಬಂಗುಡೆ, ಟ್ಯೂನಾ ಮೊದಲಾದವುಗಳನ್ನು ಹಿಡಿದ ಮೇಲೆ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅವುಗಳಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ಮೈ ತುರಿಸತೊಡಗಿದರೆ ಇದನ್ನು ಶಂಕಿಸಬೇಕು.

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು. ಐಬುಪ್ರೊಫೆನ್ ಆಗಲಿ, ನಮ್ಮಲ್ಲಿ ಸಲೀಸಾಗಿ ಕೊಡುವ ಮೆಫೆನಾಮಿಕ್ ಆಸಿಡ್ ಸಿರಪ್ ಆಗಲಿ ಬೇಡ. ಜ್ವರ ಡೆಂಗಿಯದಾಗಿದ್ದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಸಿರಪ್ ಬೇರೆ ಬೇರೆ ಸಾಂದ್ರತೆಗಳಲ್ಲಿ ಬರುತ್ತದೆ, ಒಂದರಲ್ಲಿ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ ಅದರ ಅರ್ಧ ಇರುತ್ತದೆ. ಆದ್ದರಿಂದ ಮಗಳ ತೂಕಕ್ಕೆ ಎಷ್ಟು ಮಿಲಿಲೀಟರ್ ಎಂದು ನಿಮ್ಮ ವೈದ್ಯರಿಂದ ಬರೆಸಿ, ಅದೇ ಬಾಟಲಿಯನ್ನು ಒಯ್ಯಿರಿ. ಹಡಗಿನ ವಾಂತಿಗೂ ಅವರನ್ನೇ ಕೇಳಿ. ಪ್ರೊಮೆಥಜೈನ್‌ನಂಥ ಔಷಧವನ್ನು ಹೊರಡುವ ಒಂದು ಗಂಟೆ ಮೊದಲು ಕೊಟ್ಟರೆ ಉಪಯೋಗವಾಗುತ್ತದೆಯೇ ಹೊರತು ವಾಂತಿ ಶುರುವಾದ ಮೇಲೆ ಕೊಟ್ಟರೆ ಅಲ್ಲ.

ಬಿಸಿಲಿಗೆ ಉದ್ದ ತೋಳಿನ ಈಜುಡುಪು ಮತ್ತು ಅಗಲ ಅಂಚಿನ ಟೋಪಿ ಯಾವ ಕ್ರೀಮಿಗಿಂತಲೂ ಮೇಲು. ತೆರೆದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. ಸೊಳ್ಳೆಯ ಲೇಪವನ್ನೂ ಹಚ್ಚುವುದಾದರೆ ಮೊದಲು ಸನ್‌ಸ್ಕ್ರೀನ್, ಅದು ಹೀರಿಕೊಂಡ ಮೇಲೆ ಡೀಟ್ ಅಥವಾ ಪಿಕಾರಿಡಿನ್ ಇರುವ ಲೇಪ. ಮಗಳ ಅಂಗೈಗೆ ಮಾತ್ರ ಹಚ್ಚಬೇಡಿ, ಆ ಕೈ ಬಾಯಿಗೆ ಹೋಗುತ್ತದೆ.

ಔಷಧ ಅಂಗಡಿ, ದಾವಣಗೆರೆ

ಡಾಕ್ಟರ್ ಮೇಡಂ ಮಕ್ಕಳ ವಿಷಯ ಪೂರ್ತಿ ಹೇಳಿದ್ದಾರೆ. ನಾನು ನಿಮ್ಮ ಅತ್ತೆಯವರ ಬಗ್ಗೆ ಬರೆಯುತ್ತೇನೆ. ಇನ್ಸುಲಿನ್ ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹೋಗಬಾರದು, ಏಕೆಂದರೆ ವಿಮಾನದ ಸರಕು ಭಾಗದಲ್ಲಿ ಅದು ಹೆಪ್ಪುಗಟ್ಟುವ ಸಂಭವವಿದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಲಿ. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಆದರೆ ದಂಡೆಯ ಮೇಲೆ ಬಿಸಿಲಿನಲ್ಲಿಟ್ಟ ಚೀಲದೊಳಗೆ ಆ ಮಿತಿ ಬೇಗ ದಾಟುತ್ತದೆ. ಅನೇಕ ರೆಸಾರ್ಟುಗಳಲ್ಲಿ ಬಾಗಿಲ ಬಳಿಯ ಗೂಡಿನಿಂದ ಕೀ ಕಾರ್ಡ್ ತೆಗೆದ ಕೂಡಲೇ ಕೋಣೆಯ ವಿದ್ಯುತ್ ಕಡಿತವಾಗುತ್ತದೆ, ಕೆಲವೆಡೆ ಫ್ರಿಜ್ ಕೂಡ ನಿಲ್ಲುತ್ತದೆ. ನೀವು ದಿನವಿಡೀ ಹೊರಗಿದ್ದರೆ ಒಳಗಿನ ಇನ್ಸುಲಿನ್ ಬೆಚ್ಚಗಾಗುತ್ತಿರುತ್ತದೆ. ಸ್ವಾಗತ ಕಕ್ಷೆಯವರಿಗೆ ಮೊದಲ ದಿನವೇ ತಿಳಿಸಿ, ಅವರ ಅಡುಗೆಮನೆಯ ಫ್ರಿಜ್‌ನಲ್ಲಿ ಹೆಸರು ಬರೆದ ಡಬ್ಬಿಯಲ್ಲಿ ಇಡಿಸಿ. ಫ್ರೀಜರ್ ಭಾಗಕ್ಕೆ ತಾಗದಂತೆ ಇಡಲು ಹೇಳಿ.

ಸೆಕೆಯಲ್ಲಿ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ, ಮರಳಿನ ಮೇಲೆ ನಡೆದರೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ. ಬೆವರು, ನಡುಕ, ತಲೆಸುತ್ತು ಬಂದರೆ ಬಿಸಿಲಿನ ಆಯಾಸ ಎಂದು ಕೂರಿಸಿಬಿಡದೆ ಮೊದಲು ಸಕ್ಕರೆ ಪರೀಕ್ಷಿಸಿ, ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಹೊರಡುವ ಮೊದಲು ಅವರ ವೈದ್ಯರನ್ನು ಒಂದು ಪ್ರಶ್ನೆ ಕೇಳಲೇಬೇಕು: ವಾಂತಿ-ಭೇದಿಯಾಗಿ ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕು? ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳನ್ನೂ ಅಂಥ ದಿನ ಎಂದಿನಂತೆ ನುಂಗಿದರೆ ತೊಂದರೆಯಾಗಬಹುದು. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಡುವ ಮರಳಾಗಲಿ ಹವಳದ ಚೂರಾಗಲಿ ಅವರಿಗೆ ಗೊತ್ತಾಗುವುದಿಲ್ಲ, ನೀರಿನಲ್ಲಿಯೂ ರಬ್ಬರ್ ತಳದ ಪಾದರಕ್ಷೆ ಇರಲಿ.

ನೇತ್ರಾಣಿ

ನಾನು ಕುಂದಾಪುರದವನು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ತರಬೇತಿ ಕೊಡುತ್ತಿದ್ದು, ಅನಂತರ ಹ್ಯಾವ್‌ಲಾಕ್‌ನಲ್ಲಿ ಕೆಲಸ ಮಾಡಿದವನು. ಏಜೆಂಟರು ಎಲ್ಲ ಸಿಗುತ್ತದೆ ಎಂದದ್ದನ್ನು ನಾನು ಒಪ್ಪುವುದಿಲ್ಲ. ದ್ವೀಪದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ, ಪ್ರಥಮ ಚಿಕಿತ್ಸೆಗೆ, ಡ್ರಿಪ್ ಹಾಕಿಸುವುದಕ್ಕೆ ಅದು ಆಗುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಹಿಂದೆ ಪೋರ್ಟ್ ಬ್ಲೇರ್ ಎನ್ನುತ್ತಿದ್ದ ಶ್ರೀ ವಿಜಯ ಪುರಂನ ಜಿ.ಬಿ. ಪಂತ್ ಆಸ್ಪತ್ರೆಗೆ ಸಮುದ್ರ ದಾಟಿಯೇ ಹೋಗಬೇಕು. ಪ್ರಯಾಣಿಕರ ಹಡಗುಗಳು ಹಗಲಿನಲ್ಲಿ ಮಾತ್ರ ಓಡುತ್ತವೆ, ಡಿಸೆಂಬರ್ ಕೊನೆಯಲ್ಲಿ ಟಿಕೆಟ್‌ಗಳು ಮೊದಲೇ ಮಾರಿಹೋಗಿರುತ್ತವೆ. ಹೆಲಿಕಾಪ್ಟರ್ ಇದೆ, ಆದರೆ ಅದು ಹವಾಮಾನವನ್ನೂ ಖಾಲಿ ಆಸನವನ್ನೂ ಅವಲಂಬಿಸಿದೆ.

ಆದ್ದರಿಂದ ಅಲ್ಲಿ ಕಾಯಿಲೆಯನ್ನು ಅಳೆಯುವ ಕ್ರಮವೇ ಬೇರೆ. ಹಾಸನದಲ್ಲಿದ್ದರೆ "ಸಂಜೆವರೆಗೆ ನೋಡೋಣ, ಕಡಿಮೆಯಾಗದಿದ್ದರೆ ಕರೆದುಕೊಂಡು ಹೋಗೋಣ" ಎನ್ನಬಹುದು. ಹ್ಯಾವ್‌ಲಾಕ್‌ನಲ್ಲಿ ಸಂಜೆಯವರೆಗೆ ನೋಡಿದರೆ ಮರುದಿನ ಬೆಳಗಿನವರೆಗೆ ಕಾಯುವುದೆಂದೇ ಅರ್ಥ. ಬೆಳಿಗ್ಗೆ ಶುರುವಾದ ವಾಂತಿ ಹನ್ನೊಂದು ಗಂಟೆಗೂ ನಿಲ್ಲದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ದಾಟಬೇಕೋ ಬೇಡವೋ ಎಂಬುದನ್ನು ಮಧ್ಯಾಹ್ನದ ಹಡಗಿಗೆ ಮೊದಲೇ ಅಲ್ಲಿನ ವೈದ್ಯರೊಂದಿಗೆ ನಿರ್ಧರಿಸಿ. ಆಯಾ ದಿನದ ಕೊನೆಯ ಹಡಗು ಎಷ್ಟು ಗಂಟೆಗೆ ಎಂಬುದು ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಬೇಕು.

ಅಲ್ಲಿ ಗಡಿಯಾರ ಭಾರತದ್ದೇ ಆದರೂ ದ್ವೀಪ ಬಹಳ ಪೂರ್ವದಲ್ಲಿದೆ: ಡಿಸೆಂಬರ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಕಾಗಿ, ಸಂಜೆ ಐದರ ಹೊತ್ತಿಗೆ ಮುಳುಗುತ್ತದೆ. ನಮ್ಮವರು ಊರಿನ ಅಭ್ಯಾಸದಂತೆ ತಿಂಡಿ ಮುಗಿಸಿ ಹತ್ತು ಗಂಟೆಗೆ ದಂಡೆಗೆ ಇಳಿದು ಕಠಿಣವಾದ ಬಿಸಿಲಿಗೇ ಸಿಕ್ಕಿಬೀಳುತ್ತಾರೆ. ಆರು ಗಂಟೆಗೆ ಇಳಿದು ಒಂಬತ್ತಕ್ಕೆ ಮರಳಿ, ಮಕ್ಕಳನ್ನು ಮಧ್ಯಾಹ್ನ ಮಲಗಿಸಿ, ಮೂರರ ನಂತರ ಮತ್ತೆ ಹೋಗುವುದು ಒಳ್ಳೆಯದು. ಮುಸ್ಸಂಜೆಯಲ್ಲಿ ಸ್ಯಾಂಡ್ ಫ್ಲೈ ಎಂಬ ಚಿಕ್ಕ ನುಸಿಗಳು ಮರಳಿನಿಂದ ಏಳುತ್ತವೆ. ಕಡಿದಾಗ ತಿಳಿಯದು, ರಾತ್ರಿ ತುರಿಕೆ ಶುರುವಾಗಿ ದಿನಗಟ್ಟಲೆ ಇರುತ್ತದೆ. ಆ ಹೊತ್ತಿಗೆ ಮರಳಿನ ಮೇಲೆ ಕೂರದೆ ಕುರ್ಚಿಯಲ್ಲಿ ಕುಳಿತು, ಕಾಲು ಮುಚ್ಚುವ ಬಟ್ಟೆ ಹಾಕಿಸಿ.

ಉಪ್ಪುನೀರಿನ ಮೊಸಳೆಗಳ ಬಗ್ಗೆ ಹೇಳದೆ ಇರಲಾರೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿಯೇ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲ್ಮೈಯಲ್ಲಿ ಈಜುವುದು) ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಅಂಥದ್ದು ಅಪರೂಪ, ಹೆದರಿ ಪ್ರವಾಸ ಬಿಡಬೇಕಾಗಿಲ್ಲ. ಆದರೆ ರಾಧಾನಗರ ದಂಡೆಯಲ್ಲಿ ಜೀವರಕ್ಷಕರು ಗುರುತಿಸಿದ ಭಾಗದಲ್ಲಿ ಮಾತ್ರ ಇಳಿಯಿರಿ, ಹಳ್ಳ ಸಮುದ್ರ ಸೇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಳಿ ಮತ್ತು ಕತ್ತಲಾದ ಮೇಲೆ ನೀರಿಗೆ ಇಳಿಯಬೇಡಿ. ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಮಗಳು ಮೊಣಕಾಲು ನೀರಿನಲ್ಲಿದ್ದಾಗಲೂ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರವೇ ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಹೇಮಾವತಿ ತೀರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಇನ್ನೆರಡು ಸಂದೇಹಗಳಿವೆ. ಮಗ ಸ್ಕೂಬಾ ಮಾಡಲೇಬೇಕೆಂದು ಹಟ ಹಿಡಿದಿದ್ದಾನೆ, ನಮ್ಮ ಯಜಮಾನರೂ ಜೊತೆಗೆ ಇಳಿಯುತ್ತೇನೆ ಎನ್ನುತ್ತಾರೆ. ಅವರಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು. ಏಜೆಂಟರು ಅದನ್ನು ಕೊನೆಯ ದಿನಕ್ಕೆ ಇಟ್ಟಿದ್ದಾರೆ. ಇನ್ನೊಂದು, ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಏನೆಂದು ತಿಳಿಯಬೇಕು?

ಮಕ್ಕಳ ವೈದ್ಯೆ, ಶಿವಮೊಗ್ಗ

ಮರಳಿದ ಒಂದು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಅಂಡಮಾನಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳಿ. ಡೆಂಗಿ ಮತ್ತು ಮಲೇರಿಯಾದ ಜೊತೆಗೆ, ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರವನ್ನೂ ನೋಡಬೇಕಾಗುತ್ತದೆ. ಅಂಡಮಾನಿನಲ್ಲಿ 1980ರ ದಶಕದ ಕೊನೆಯಿಂದ ಮಳೆಗಾಲದ ನಂತರ ಕಾಣಿಸಿಕೊಳ್ಳುತ್ತಿದ್ದ ರಕ್ತಸ್ರಾವದ ಜ್ವರ ಇಲಿಜ್ವರವೇ ಎಂದು ನಂತರ ಖಚಿತವಾಯಿತು. ನಮ್ಮ ಮಲೆನಾಡು, ಕರಾವಳಿಯ ವೈದ್ಯರಿಗೂ ಅದು ಪರಿಚಿತ. ಕಾಲಿನಲ್ಲಿ ಗಾಯವಿದ್ದಾಗ ನಿಂತ ಮಳೆನೀರಿನಲ್ಲಿ ಬರಿಗಾಲಲ್ಲಿ ನಡೆಯದಿರುವುದೇ ಅದಕ್ಕೆ ಸುಲಭವಾದ ತಡೆ.

ನೇತ್ರಾಣಿ

ಕೊನೆಯ ದಿನದ ಸ್ಕೂಬಾವನ್ನು ಇಂದೇ ಬದಲಾಯಿಸಿ. ಆಳದಲ್ಲಿ ಉಸಿರಾಡುವಾಗ ಸಾರಜನಕ ದೇಹದಲ್ಲಿ ಕರಗಿರುತ್ತದೆ. ಅದು ಹೊರಹೋಗುವ ಮೊದಲು ವಿಮಾನ ಏರಿದರೆ ಗುಳ್ಳೆಗಳಾಗಿ ಕೀಲು, ನರಗಳಿಗೆ ತೊಂದರೆ ಕೊಡುತ್ತದೆ. ಒಂದೇ ಸಲ ಇಳಿದಿದ್ದರೂ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ಬಿಡಬೇಕು. ನಾನು ಎಲ್ಲರಿಗೂ ಪೂರ್ತಿ 24 ಗಂಟೆ ಎಂದೇ ಹೇಳುತ್ತೇನೆ. ನಿಮಗೆ ಎರಡನೆಯ ಅಥವಾ ಮೂರನೆಯ ದಿನ ಸೂಕ್ತ. ಹತ್ತು ವರ್ಷ ತುಂಬಿದ ಮಕ್ಕಳು ತರಬೇತುದಾರರೊಂದಿಗೆ ಪರಿಚಯದ ಸ್ಕೂಬಾಕ್ಕೆ ಇಳಿಯಬಹುದು, ಆದರೆ ಅಂದು ಮಗನಿಗೆ ಶೀತ, ಮೂಗು ಕಟ್ಟುವಿಕೆ ಇರಬಾರದು. ಕಿವಿಯ ಒತ್ತಡ ಸರಿಹೋಗದೆ ತಮಟೆಗೆ ಪೆಟ್ಟಾಗುತ್ತದೆ.

ನಿಮ್ಮ ಯಜಮಾನರು ಊರಿನಲ್ಲಿಯೇ ಶ್ವಾಸಕೋಶದ ತಜ್ಞರಿಗೆ ತೋರಿಸಿ ಲಿಖಿತ ಒಪ್ಪಿಗೆ ತರಲಿ. ಆಸ್ತಮಾ ಇರುವವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಅದು ಹಿಗ್ಗಿ ಅನಾಹುತವಾಗಬಹುದು. ಅರ್ಜಿಯಲ್ಲಿ "ಆಸ್ತಮಾ ಇಲ್ಲ" ಎಂದು ಗುರುತು ಹಾಕಿಸಿ ಇಳಿಸಿಬಿಡುವವರು ಸಿಕ್ಕಬಹುದು, ಅಂಥವರ ಬಳಿ ಹೋಗಬೇಡಿ. ಒಪ್ಪಿಗೆ ಸಿಗದಿದ್ದರೆ ಮಗ ತರಬೇತುದಾರರೊಂದಿಗೆ ಇಳಿಯಲಿ. ಯಜಮಾನರು ಅತ್ತೆಯವರು ಮತ್ತು ಮಗಳೊಂದಿಗೆ ಎಲಿಫೆಂಟ್ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಏರಿದರೆ ಅದೇ ಹವಳಗಳನ್ನು ನೋಡಬಹುದು. ಆ ದೋಣಿಯಲ್ಲಿಯೂ ಮಗಳಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ಮೊದಲೇ ಕೇಳಿ.