ಗುಜರಿ ಅಂಗಡಿಯಲ್ಲಿ ಸಿಕ್ಕ ಖಾಕಿ ಕೋಟು: ಹೆಗಲಿನ ಹಿತ್ತಾಳೆ ಚಿಹ್ನೆಗಳ ಕಾಲ ಯಾವುದು?

ಪ್ರಶ್ನೆ (ಗೋಣಿಕೊಪ್ಪಲಿನಿಂದ):

ಕಳೆದ ತಿಂಗಳು ಇಲ್ಲಿಯ ಗುಜರಿ ಅಂಗಡಿಯೊಂದರಲ್ಲಿ ದಪ್ಪ ಉಣ್ಣೆಯ ಹಳೆಯ ಖಾಕಿ ಕೋಟೊಂದನ್ನು ಕೊಂಡೆನು. ಎರಡೂ ಹೆಗಲುಪಟ್ಟಿಗಳ ತುದಿಯಲ್ಲಿ ಆರ್‌, ಐ, ಎ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುವ ಹಿತ್ತಾಳೆಯ ತುಣುಕುಗಳಿವೆ. ಅವುಗಳ ಮೇಲ್ಭಾಗದಲ್ಲಿ ಎರಡೆರಡು ನಕ್ಷತ್ರಗಳಿದ್ದು, ಒಟ್ಟು ನಾಲ್ಕರಲ್ಲಿ ಮೂರಕ್ಕೆ ಐದು ಮೊನೆಗಳಿವೆ. ಎಡ ಹೆಗಲಿನ ಒಂದು ಮಾತ್ರ ಓರೆಯಾಗಿ ನಿಲ್ಲಿಸಿದ ಚೌಕದಂತಿದ್ದು, ಅದರ ನಡುವೆ ಮೂರು ಪುಟ್ಟ ಕಿರೀಟಗಳು ಕಾಣುತ್ತವೆ. ಗುಂಡಿಗಳ ಮೇಲೆ ಅಶೋಕ ಸ್ತಂಭದ ಸಿಂಹಗಳಿವೆ. ಎದೆಯ ಮೇಲೆ ಹೊಲಿದಿರುವ ರಿಬ್ಬನ್ನಿನ ನಡುವೆ ಅಗಲವಾದ ಕೆಂಪು ಪಟ್ಟಿಯೂ ಅದರ ಎರಡು ಬದಿಗೆ ಕಡುನೀಲಿಯೂ ಆ ನೀಲಿಯೊಳಗೆ ಕಿತ್ತಳೆ ಗೆರೆಯೂ ಇವೆ. ಇದು ಮಹಾಯುದ್ಧದ ಕಾಲದ ಕೊಡಗು ರೆಜಿಮೆಂಟಿನ ಕೋಟೆಂದು ಅಂಗಡಿಯವರು ಹೇಳಿದರು. ಇದನ್ನು ನಂಬಬಹುದೇ? ಹಿತ್ತಾಳೆಗೆ ಕಿಲುಬು ಹಿಡಿದಿರುವುದರಿಂದ ನಮ್ಮ ಹಂದಿ ಮಾಂಸದ ಪಂದಿಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ಹಚ್ಚಿ ತಿಕ್ಕಬೇಕೆಂದಿದ್ದೇನೆ.

ಉತ್ತರ (ಮಡಿಕೇರಿಯಿಂದ):

ದಯವಿಟ್ಟು ಕಾಚಂಪುಳಿಯನ್ನು ಪಂದಿಕರಿಗೇ ಮೀಸಲಿಡಿ. ಹುಣಸೆಹುಳಿಯಾಗಲಿ ಅಂಗಡಿಯಲ್ಲಿ ಸಿಗುವ ಪಾಲಿಶ್ ಆಗಲಿ ಕಿಲುಬಿನೊಂದಿಗೆ ಅಚ್ಚಿನ ನವಿರಾದ ಗೆರೆಗಳನ್ನೂ ಸವೆಸುತ್ತವೆ, ಅಷ್ಟೇ ಅಲ್ಲದೆ ಹುಳಿಯು ಬಟ್ಟೆಗೆ ಇಳಿದರೆ ಕಲೆ ಹೋಗುವುದಿಲ್ಲ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದರೆ ಸದ್ಯಕ್ಕೆ ಸಾಕು.

ಕೊಡಗಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಕೊಡಗು ರೆಜಿಮೆಂಟಿನದೆಂದು ಹೇಳಲಾಗದು. ನಮ್ಮವರು ಸೇನೆಯ ಎಲ್ಲ ಕಡೆಯೂ ಇದ್ದರು. ಕಾರ್ಯಪ್ಪನವರು ರಜಪೂತ ರೆಜಿಮೆಂಟಿನಲ್ಲಿಯೂ ತಿಮ್ಮಯ್ಯನವರು ಮುಂದೆ ಕುಮಾವೂನ್ ಎನಿಸಿದ ಹೈದರಾಬಾದ್ ರೆಜಿಮೆಂಟಿನಲ್ಲಿಯೂ ಸೇವೆ ಸಲ್ಲಿಸಿದ್ದನ್ನು ನೆನೆದರೆ ಸಾಕು. ಆದರೆ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. 1942ರಲ್ಲಿ ಕಟ್ಟಿದ ಕೊಡಗು ಪದಾತಿ ಪಡೆಯು 1946ರಲ್ಲಿ ಟ್ಯಾಂಕ್ ನಿರೋಧಕ ಫಿರಂಗಿದಳವಾಗಿ ಬದಲಾಯಿತು. ನೀವು ಹೇಳಿದ ಮೂರು ಅಕ್ಷರಗಳ ವಿಸ್ತರಣೆ ‘ರಾಯಲ್ ಇಂಡಿಯನ್ ಆರ್ಟಿಲರಿ’. ಭಾರತೀಯ ಫಿರಂಗಿದಳಕ್ಕೆ ‘ರಾಯಲ್’ ಎಂಬ ಬಿರುದು ದೊರೆತದ್ದು 1945ರಲ್ಲಿ, ಅದು ಕಳಚಿದ್ದು 1950ರ ಜನವರಿ 26ರಂದು ದೇಶ ಗಣರಾಜ್ಯವಾದಾಗ. ಆದ್ದರಿಂದ ಈ ಅಕ್ಷರಗಳು ಅಸಲಿಯಾಗಿದ್ದರೆ ಅವುಗಳಿಗೆ ಐದು ವರ್ಷಗಳ ಕಿರಿದಾದ ಕಾಲಾವಧಿ ಮಾತ್ರ ಇದೆ. ಆದರೂ ಅದೇ ಅಕ್ಷರಗಳನ್ನು ದೇಶದ ಎಲ್ಲ ಫಿರಂಗಿಯವರೂ ಧರಿಸುತ್ತಿದ್ದರು.

ತೊಡಕಿರುವುದು ಗುಂಡಿಗಳಲ್ಲಿ. ಸಿಂಹಗಳೂ ಐದು ಮೊನೆಯ ನಕ್ಷತ್ರಗಳೂ ಸಮವಸ್ತ್ರಕ್ಕೆ ಬಂದದ್ದು ಕಿರೀಟ ಹೋದ ಮೇಲೆ, ಅಂದರೆ 1950ರ ನಂತರ. ಮೂರು ಕಿರೀಟಗಳ ನಕ್ಷತ್ರವು ಬ್ರಿಟಿಷ್ ಮಾದರಿಯದು, ‘ಆರ್ಡರ್ ಆಫ್ ದಿ ಬಾತ್’ ಎಂಬ ಬ್ರಿಟಿಷ್ ಗೌರವ ಪದವಿಯ ಲಾಂಛನದಿಂದ ಬಂದದ್ದು. ಒಂದೇ ಕೋಟಿನ ಮೇಲೆ ಎರಡು ಕಾಲದ ವಸ್ತುಗಳು ಕೂಡಿವೆ ಎಂದಾಯಿತು. ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂಬುದನ್ನು ಬಟ್ಟೆಯೇ ಹೇಳಬೇಕು. ಅಕ್ಷರಗಳನ್ನೂ ನಕ್ಷತ್ರಗಳನ್ನೂ ನಿಧಾನವಾಗಿ ಬಿಚ್ಚಿ, ಅವುಗಳ ಅಡಿಯ ಬಟ್ಟೆಯ ಬಣ್ಣ ಸುತ್ತಲಿನದಕ್ಕಿಂತ ಗಾಢವಾಗಿದೆಯೇ ನೋಡಿ. ಬಹುಕಾಲ ಒಂದೆಡೆ ಕುಳಿತ ಹಿತ್ತಾಳೆಯು ಬಿಸಿಲನ್ನು ತಡೆದು ತನ್ನ ಆಕಾರದ ನೆರಳನ್ನು ಬಟ್ಟೆಯಲ್ಲಿ ಉಳಿಸಿರುತ್ತದೆ.

ಉತ್ತರ (ವಿರಾಜಪೇಟೆಯಿಂದ):

ಮೇಲಿನವರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಎದೆಯ ರಿಬ್ಬನ್ ಬರ್ಮಾ ಸ್ಟಾರ್ ಪದಕದ್ದು. ಅದು ಬರ್ಮಾ ಯುದ್ಧರಂಗದ ಸೇವೆಗೆ ಸಲ್ಲುತ್ತಿದ್ದುದರಿಂದ ಧರಿಸಿದವರು ಮಹಾಯುದ್ಧ ಕಂಡವರು. ಆದರೆ ಕೋಟು ಆ ಯುದ್ಧದ ಕಾಲದ್ದಾಗಿರಬೇಕಿಲ್ಲ. ಯೋಧರು ಗಳಿಸಿದ ರಿಬ್ಬನ್ನನ್ನು ಸೇವೆಯಲ್ಲಿರುವವರೆಗೂ ಹೊಸ ಹೊಸ ಕೋಟಿಗೆ ಹೊಲಿಸಿಕೊಳ್ಳುತ್ತಿದ್ದರು. ಎರಡು ನಕ್ಷತ್ರಗಳು ಲೆಫ್ಟಿನೆಂಟರಿಗೂ ಇರುತ್ತವೆ, ಸುಬೇದಾರರಿಗೂ ಇರುತ್ತವೆ. ಇಂದಿಗೂ ಜೆಸಿಒಗಳ, ಅಂದರೆ ಸುಬೇದಾರರಂತಹ ಕಿರಿಯ ಅಧಿಕಾರಿಗಳ, ಹೆಗಲಲ್ಲಿ ನಕ್ಷತ್ರದೊಂದಿಗೆ ಬಣ್ಣದ ಅಡ್ಡಪಟ್ಟಿ ಇರುವುದರಿಂದ, ಅದನ್ನು ಹೊಲಿದ ರಂಧ್ರಗಳ ಸಾಲೇನಾದರೂ ಉಳಿದಿದೆಯೇ ಗಮನಿಸಿ. ಒಳಜೇಬಿನ ಒಳಬದಿಯನ್ನೂ ತಿರುವಿ ನೋಡಬೇಕು, ಏಕೆಂದರೆ ದರ್ಜಿಗಳು ಹೆಸರು, ದಿನಾಂಕಗಳ ಚೀಟಿಯನ್ನು ಅಲ್ಲಿಯೇ ಹೊಲಿಯುತ್ತಿದ್ದರು.

ಪ್ರಶ್ನೆ ಕೇಳಿದವರು:

ತಮ್ಮಿಬ್ಬರಿಗೂ ಧನ್ಯವಾದಗಳು. ಐದು ಮೊನೆಯ ನಕ್ಷತ್ರಗಳ ಅಡಿಯಲ್ಲಿ ಗಾಢ ನೆರಳು ಸ್ಪಷ್ಟವಾಗಿದೆ. ಕಿರೀಟದ ನಕ್ಷತ್ರ ಬಿಚ್ಚಿದಾಗಲೂ ಅಡಿಯಲ್ಲಿ ಐದು ಮೊನೆಯ ನೆರಳೇ ಕಂಡಿತು. ಮೂರು ಅಕ್ಷರಗಳ ಅಡಿಯಲ್ಲಿ ನೆರಳೇ ಇಲ್ಲ, ಚುಚ್ಚಿದ ತೂತುಗಳ ಅಂಚಿನ ಎಳೆಗಳು ಇನ್ನೂ ಹೊಸದಾಗಿವೆ. ಅಡ್ಡಪಟ್ಟಿಯ ಹೊಲಿಗೆಯ ಗುರುತು ಸಿಗಲಿಲ್ಲ. ಒಳಜೇಬಿನಲ್ಲಿ ಚೀಟಿಯಿದ್ದು, ಹೆಸರು ಅಳಿಸಿಹೋಗಿದ್ದರೂ 1954 ಎಂಬ ಅಂಕಿ ಓದಬಹುದಾಗಿದೆ.

ಉತ್ತರ (ಮಡಿಕೇರಿಯಿಂದ):

ಹಾಗಾದರೆ ಕೋಟು, ಗುಂಡಿ, ಮೂರು ನಕ್ಷತ್ರಗಳು ಒಂದೇ ಕಾಲದವು ಮತ್ತು ಒಂದಕ್ಕೊಂದು ಹೊಂದುತ್ತವೆ. ನಾಲ್ಕನೆಯದು ಕಳೆದುಹೋದಾಗ ಯಾರೋ ಕೈಗೆ ಸಿಕ್ಕ ಹಳೆಯದನ್ನು ಸಿಕ್ಕಿಸಿರಬೇಕು. ಅಕ್ಷರಗಳನ್ನು ಮಾತ್ರ ಬೆಲೆ ಏರಿಸುವುದಕ್ಕೆಂದೇ ಇತ್ತೀಚೆಗೆ ಸೇರಿಸಿದಂತೆ ನನಗೆ ತೋರುತ್ತದೆ. ಅವು ಸ್ವತಃ ನಕಲಿಯೆಂದು ಇದರ ಅರ್ಥವಲ್ಲ. ಹಿಂಭಾಗದ ಕೊಕ್ಕೆಗಳನ್ನು ಬೆಸೆದಿರುವ ರೀತಿಯೂ ಅಕ್ಷರಗಳ ಅಂಚುಗಳೂ ಕಾಣುವಂತೆ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ಹಾಕಿ, ಆಮೇಲೆ ಅವುಗಳ ವಿಚಾರವನ್ನು ಬೇರೆಯಾಗಿಯೇ ನೋಡೋಣ. ಮಡಿಕೇರಿಗೆ ಬಂದಾಗ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ, ಅಲ್ಲಿಯ ಸಮವಸ್ತ್ರಗಳನ್ನು ಗಮನಿಸಿ ನೋಡಿ.

ಪ್ರಶ್ನೆ ಕೇಳಿದವರು:

ಚಿತ್ರಗಳನ್ನು ನಾಳೆ ಹಾಕುತ್ತೇನೆ. ಅಕ್ಷರಗಳನ್ನು ಕೋಟಿಗೆ ಮರಳಿ ಸಿಕ್ಕಿಸದೆ ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ.